ಆರ್ಗನ್ ಜೊತೆ ಬರುವ ಹೆಣ್ಣು

೧೭೦೬, ಜನವರಿ ೧೦, ಭಾನುವಾರ

ಇವತ್ತೂ ಯಾರಿಗೂ ಗೊತ್ತಾಗಲಿಲ್ಲ.

ಚರ್ಚಿನ ದೊಡ್ಡ ಬಾಗಿಲು ತೆರೆಯುವ ಮೊದಲೇ ಚರ್ಚಿನ ಆಳು ಡೆಟ್ಲೆಫ್ ಅಪ್ಪನನ್ನು ಬೆನ್ನ ಮೇಲೆ ಹೊತ್ತು ಮೂವತ್ತೊಂಬತ್ತು ಮೆಟ್ಟಿಲು ಹತ್ತಿಸಿದ. ಬೆಂಚಿನ ಎಡತುದಿಯಲ್ಲಿ ಕೂರಿಸಿ, ಬೀಳದಂತೆ ಶಾಲಿನಿಂದ ಕಂಬಕ್ಕೆ ಬಿಗಿದು, ಏದುಸಿರು ಬಿಡುತ್ತಾ ಗಾಳಿ ತುಂಬುವ ತಿದಿ ತುಳಿಯಲು ಆರ್ಗನ್ನಿನ ಹಿಂದಕ್ಕೆ ಹೋದ. ನಾನು ಅಪ್ಪನ ಪಕ್ಕ ಕೂತೆ. ಕೆಳಗೆ ಕೂತ ಜನಕ್ಕೆ ಕಾಣುವುದು ಕೊಳವೆಗಳ ಸಾಲು ಮಾತ್ರ. ನುಡಿಸುವವರ ತಲೆ ಕೂಡ ಕಾಣುವುದಿಲ್ಲ.

ನವೆಂಬರಿನಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಚರ್ಚಿನ ಮಂಡಳಿಗೆ ನಾವು ಹೇಳಿರುವುದು ಬೇರೆ: ಜ್ವರ ಬಂದಿತ್ತು, ಕೈ ಸ್ವಲ್ಪ ಸೋತಿದೆ, ನುಡಿಸಲು ತೊಂದರೆಯಿಲ್ಲ. ಅಪ್ಪ ಮೊದಲಿಂದಲೂ ಹೆಚ್ಚು ಮಾತಾಡುವವರಲ್ಲ; ಅದು ಈಗ ಉಪಕಾರಕ್ಕೆ ಬಂತು. ಅಂದಿನಿಂದ ಪ್ರತಿ ಭಾನುವಾರ ನುಡಿಸುತ್ತಿರುವವಳು ನಾನು. ಹೆಣ್ಣು ಚರ್ಚಿನಲ್ಲಿ ಆರ್ಗನ್ ನುಡಿಸಬಾರದು ಎಂದು ಎಲ್ಲೂ ಬರೆದಿಲ್ಲ. ಬರೆದಿಡುವ ಅಗತ್ಯ ಯಾರಿಗೂ ಬಿದ್ದಿಲ್ಲ, ಅಷ್ಟೆ.

ಮೂರನೆಯ ಕೀರ್ತನೆಯಲ್ಲಿ ಬೆರಳು ಒಂದು ಕಡೆ ಜಾರಿತು. ಅಪ್ಪ ಎಡಗೈಯಿಂದ ಬೆಂಚು ತಟ್ಟಿದರು. ಅಷ್ಟೇ ಅವರಾಡಿದ ಮಾತು.

ಮನೆಯಲ್ಲಿ ಮಾತಾಡಲು ಯಾರೂ ಇಲ್ಲ. ಅದಕ್ಕೆ ಈ ಪುಸ್ತಕ.

ಜನವರಿ ೧೪

ಕೂತಲ್ಲಿ ಕೂರಲಾಗುತ್ತಿಲ್ಲ. ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಅಪ್ಪನ ಮಂಚಕ್ಕೆ. ಬಂದರಿನಲ್ಲಿ ನೀರು ಹೆಪ್ಪುಗಟ್ಟಿದೆ, ಹಡಗುಗಳಿಲ್ಲ, ಬೀದಿಯಲ್ಲಿ ಸದ್ದಿಲ್ಲ.

ಅಪ್ಪನ ಮೇಜಿನ ಮೇಲೆ ಆ ಹಾಳೆ ಹಾಗೇ ಇದೆ. ಲಕ್ವ ಹೊಡೆದ ಹೊತ್ತಿನಲ್ಲಿ ಬರೆಯುತ್ತಿದ್ದ ಆರ್ಗನ್ ಕೃತಿ, ಸ್ವರಗಳನ್ನು ಅಕ್ಷರಗಳಲ್ಲಿ ಗುರುತಿಸಿದ್ದು. ಎಂಟು ಸಾಲಿಗೆ ನಿಂತಿದೆ. ಕೊನೆಯ ಅಕ್ಷರದ ಬಾಲ ಹಾಳೆಯ ಅಂಚಿನವರೆಗೂ ಎಳೆದುಕೊಂಡು ಹೋಗಿದೆ. ಒಂದು ದನಿ ಎತ್ತಿದ ರಾಗವನ್ನು ಎರಡನೆಯ ದನಿ ಹಿಂದಿನಿಂದ ಬಂದು ಹಿಡಿಯುತ್ತದೆ. ಮೂರನೆಯದು ಇನ್ನೇನು ಬರಬೇಕು, ಬರುವುದಿಲ್ಲ. ಅದನ್ನು ಹಾಗೆ ಬಿಟ್ಟರೆ ನನಗೇ ಉಸಿರು ಸಿಕ್ಕಿಕೊಂಡಂತಾಗುತ್ತದೆ. ಮೂರನೆಯ ದನಿಯೊಂದನ್ನು ಕೂರಿಸಿಟ್ಟೆ. ಅಪ್ಪ ಇದ್ದಿದ್ದರೆ... ಅಪ್ಪ ಇದ್ದಾರೆ, ಏನು ಬರೆದೆ ನಾನು. ಅಪ್ಪನ ಕೈ ಸರಿಯಿದ್ದಿದ್ದರೆ ಹೀಗೇ ಬರೆಯುತ್ತಿದ್ದರು.

ಜನವರಿ ೨೨

ಮಂಡಳಿಯ ಹಿರಿಯರಾದ ಬುರ್ಮೈಸ್ಟರ್ ಮನೆಗೆ ಬಂದಿದ್ದರು. ಅವರದು ಹೆರ್ರಿಂಗ್ ಮೀನಿನ ವ್ಯಾಪಾರ. ಕೋಟು ಎಷ್ಟು ಒಗೆದರೂ ಆ ವಾಸನೆ ಹೋಗದು. ಅಪ್ಪನ ಎಡಗೈ ಹಿಡಿದು ಕ್ಷೇಮ ವಿಚಾರಿಸಿದರು. ಅಪ್ಪ ತಲೆಯಾಡಿಸಿದರು.

ಆಮೇಲೆ ನನ್ನನ್ನು ಬಾಗಿಲ ಹತ್ತಿರ ಕರೆದು, ನಿಮ್ಮ ತಂದೆಗೆ ಅರವತ್ತೆಂಟು ಆಯಿತು, ಮಂಡಳಿ ಹೊಸಬರನ್ನು ಹುಡುಕಲು ತೀರ್ಮಾನಿಸಿದೆ ಎಂದರು. ಲ್ಯೂಬೆಕ್, ಹ್ಯಾಂಬರ್ಗ್, ರೋಸ್ಟಾಕ್‌ಗೆ ಕಾಗದ ಹೋಗಿದೆಯಂತೆ. ಕರಾರು ಹಳೆಯದೇ: ಬಂದವನು ಹಿಂದಿನ ಆರ್ಗನಿಸ್ಟನ ಮಗಳನ್ನು ಮದುವೆಯಾಗಬೇಕು. ಮುದುಕರಿಗೆ ನೆಲೆ, ಹೆಣ್ಣಿಗೆ ಗಂಡ, ಚರ್ಚಿಗೆ ಸಂಗೀತ. ಸೆಪ್ಟೆಂಬರ್ ಕೊನೆಗೆ ಸಂತ ಮಿಖಾಯೇಲನ ಹಬ್ಬ. ಅಷ್ಟರೊಳಗೆ ಯಾರೂ ಒಪ್ಪದಿದ್ದರೆ ಕರಾರಿಲ್ಲದೆ ಯಾರನ್ನಾದರೂ ತರುತ್ತಾರೆ. ಆಗ ಈ ಮನೆ ಅವನದು.

ಅಪ್ಪ ಈ ಊರಿಗೆ ಬಂದದ್ದೂ ಹಾಗೆಯೇ. ಅಮ್ಮ ಬದುಕಿದ್ದಷ್ಟು ದಿನ ಅದನ್ನು ಹೇಳಿಕೊಂಡು ನಗುತ್ತಿದ್ದಳು: "ನಿಮ್ಮಪ್ಪ ಆರ್ಗನ್ ನೋಡೋಕೆ ಬಂದ್ರು. ಅದರ ಜೊತೆ ಬಂದ ಪಾತ್ರೆಪಗಡ ನಾನು."

ನನಗೆ ಮೂವತ್ತೊಂದು. ಮೂಗು ಅಪ್ಪನದು.

ಫೆಬ್ರವರಿ ೬

ಅಪ್ಪನ ಆ ಹಾಳೆಯನ್ನು ಮುಂದುವರಿಸುತ್ತಿದ್ದೇನೆ. ಐದು ದನಿಯೂ ಒಟ್ಟಿಗೆ ಹೊರಟಾಗ ಎಡಗೈಗೆ ಜಾಗ ಸಾಲದು. ಎರಡು ದಿನ ಅದೇ. ರೊಟ್ಟಿ ಸೀದುಹೋಯಿತು. ಅಪ್ಪನ ಹೊದಿಕೆ ಜಾರಿ ಬಿದ್ದಿತ್ತು, ನೋಡಿರಲಿಲ್ಲ. ನಾಚಿಕೆಯಾಯಿತು.

ಫೆಬ್ರವರಿ ೨೩

ಮೊದಲನೆಯವನು ಬಂದ. ಆನ್ಸೋರ್ಗ ಎಂದು ಹೆಸರು, ತುರಿಂಗಿಯಾ ಕಡೆಯವನು, ಇಪ್ಪತ್ತನಾಲ್ಕು ಇರಬಹುದು. ಮಧ್ಯಾಹ್ನ ನೇರ ಚರ್ಚಿಗೆ ಹೋಗಿ ಡೆಟ್ಲೆಫ್‌ನನ್ನು ಎಬ್ಬಿಸಿ ಒಂದು ಗಂಟೆ ನುಡಿಸಿದ. ನಾನು ಅಪ್ಪನ ಕಾಲು ತಿಕ್ಕುತ್ತಿದ್ದೆ. ಚೌಕದಾಚೆಯಿಂದ ಕೇಳಿಸಿತು, ಕೈ ನಿಂತುಹೋಯಿತು. ಅಪ್ಪನ ಕಣ್ಣು ಅಗಲವಾಯಿತು. ಹಾಗೆ ನುಡಿಸುವವರನ್ನು ನಾನು ಕೇಳಿಲ್ಲ. ಆರ್ಗನ್ನಿನ ಮಂದ್ರ ಸ್ವರಗಳನ್ನು ಕಾಲಲ್ಲೇ ಒತ್ತುವುದು; ಅವನಿಗೆ ಎರಡು ಕಾಲಲ್ಲ, ನಾಲ್ಕು ಇರಬೇಕು.

ಸಂಜೆ ಊಟಕ್ಕೆ ಬಂದ. ಹೊಗೆಯಾಡಿಸಿದ ಮೀನು, ಬಿಯರ್ ಸಾರು. ಚೆನ್ನಾಗಿ ಉಂಡ, ಚೆನ್ನಾಗಿ ಮಾತಾಡಿದ. ಅಪ್ಪನ ಬರಹಗಳನ್ನು ನೋಡಬೇಕು ಎಂದು ಕೇಳಿದ. ತಂದು ಕೊಟ್ಟೆ. ಹಾಳೆ ತಿರುವಿ ನಕ್ಕ.

"ಇದೇನು, ಅಕ್ಷರಗಳು. ನಮ್ಮ ತಾತನ ಕಾಲದ್ದು. ಈಗ ಎಲ್ಲರೂ ಐದು ಗೆರೆ ಎಳೆದು ಅದರ ಮೇಲೆ ಸ್ವರ ಕೂರಿಸ್ತಾರೆ. ಇಟಲಿಯವನು ಬರೆದದ್ದನ್ನ ಪ್ಯಾರಿಸಿನವನು ಓದ್ತಾನೆ. ಇದನ್ನ ಇನ್ನು ಮೂವತ್ತು ವರ್ಷ ಆದ್ಮೇಲೆ ಓದೋರು ಯಾರು?"

ಅಪ್ಪ ಗೋಡೆಯ ಕಡೆ ನೋಡಿದರು. ಬುರ್ಮೈಸ್ಟರ್ ಕರಾರಿನ ವಿಷಯ ಅವನಿಗೆ ಮೊದಲೇ ಹೇಳಿದ್ದರೋ ಇಲ್ಲವೋ ತಿಳಿಯದು. ದೀಪ ಹಚ್ಚಲು ನಾನು ಬಾಗಿದಾಗ ಅವನು ನನ್ನ ಮುಖವನ್ನು ನೋಡಿದ್ದು ನನಗೆ ಗೊತ್ತಾಯಿತು. ಕುದುರೆ ಕೊಳ್ಳುವವರು ಹಲ್ಲು ನೋಡುವ ಹಾಗೆ.

ಫೆಬ್ರವರಿ ೨೪

ಬೆಳಗಿನ ಗಾಡಿಗೆ ಹೊರಟುಹೋಗಿದ್ದಾನೆ. ತಾಯಿಗೆ ಹುಷಾರಿಲ್ಲ ಎಂದು ಚೀಟಿ. ಡೆಟ್ಲೆಫ್ ಬಂದು ಹೇಳಿದ. "ಹೋಗ್ಲಿ ಬಿಡವ್ವ. ಅಷ್ಟು ಗಾಳಿ ತಿನ್ನೋನ ಕೆಳಗೆ ನನ್ನ ಮೊಣಕಾಲು ಒಂದು ವರ್ಷನೂ ಬಾಳ್ತಿರಲಿಲ್ಲ."

ನನಗೇನೂ ಅನ್ನಿಸಲಿಲ್ಲ. ಮೂರು ಬಕೆಟ್ಟು ನೀರು ಹಾಕಿ ನೆಲ ತೊಳೆದೆ.

ಮಾರ್ಚ್ ೩

ಅವನು ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ನನ್ನ ಮುಖದ ಬಗ್ಗೆಯಲ್ಲ. ಅದನ್ನು ಅವನು ಹೇಳಲೂ ಇಲ್ಲ. ಆ ಮೂವತ್ತು ವರ್ಷದ ಮಾತು. ಅಪ್ಪನದು ಒಂದು ಪೆಟ್ಟಿಗೆ ತುಂಬ ಬರಹವಿದೆ. ಓದಬಲ್ಲವರು ಈ ಊರಲ್ಲಿ ನಾವಿಬ್ಬರು. ಒಬ್ಬರಿಗೆ ಲಕ್ವ.

ಬಂದರಿನಲ್ಲಿ ಬಿಸುಟ ಹಳೆಯ ಸರಕುಪಟ್ಟಿಗಳ ಹಿಂಬದಿಯಲ್ಲಿ ಗೆರೆ ಎಳೆಯುತ್ತಿದ್ದೇನೆ. ಐದು, ಐದು, ಐದು. ಅಕ್ಷರದಲ್ಲಿ ಸ್ವರಕ್ಕೆ ಹೆಸರಿದೆ. ಗೆರೆಯ ಮೇಲೆ ಅದಕ್ಕೆ ಜಾಗ ಬರುತ್ತದೆ. ಏರುವುದು ಏರಿದ ಹಾಗೆ ಕಾಣುತ್ತದೆ, ಇಳಿಯುವುದು ಇಳಿದ ಹಾಗೆ. ಮೊದಲ ದಿನ ಕಣ್ಣು ನೋವು ಬಂತು. ಇವತ್ತು ಒಂದು ಕೀರ್ತನೆ ಪೂರ್ತಿ ಮುಗಿಯಿತು.

ಮಾರ್ಚ್ ೧೯

ಅಪ್ಪನ ಹನ್ನೊಂದು ಕೃತಿಗಳು ಗೆರೆಗೆ ಬಂದವು. ಅರ್ಧಕ್ಕೆ ನಿಂತದ್ದನ್ನೂ ಜೊತೆಗೇ ಸಾಗಿಸುತ್ತಿದ್ದೇನೆ. ಗೆರೆಯ ಮೇಲೆ ನೋಡಿದಾಗ ಮೊದಲ ಎಂಟು ಸಾಲಿನಲ್ಲಿ ಮೂರು ಭಾರ ಅನ್ನಿಸಿತು. ತೆಗೆದೆ. ಅಪ್ಪನೂ ಒಪ್ಪುತ್ತಿದ್ದರು.

ಏಪ್ರಿಲ್ ೪, ಈಸ್ಟರ್

ತುಂಬಿದ ಚರ್ಚು. ಎಲ್ಲ ಕೊಳವೆಗಳನ್ನೂ ತೆರೆದೆ. ಹೊರಗೆ ಬಂದಾಗ ಮೀನು ಮಾರುವ ಹೆಂಗಸೊಬ್ಬಳು, ಹಾರ್ಮ್ಸೆನ್ ಯಜಮಾನ್ರು ಜ್ವರ ಬಂದ ಮೇಲೆ ಇನ್ನೂ ಚೆನ್ನಾಗಿ ನುಡಿಸ್ತಾರೆ ಎಂದಳು. ನಗು ತಡೆಯಲಾಗದೆ ಕೆಮ್ಮಿದೆ.

ಆಮೇಲೆ ಸಂಜೆಯವರೆಗೂ ಏನೋ ಕಿರಿಕಿರಿ. ಕಾರಣ ಗೊತ್ತಿಲ್ಲ.

ಏಪ್ರಿಲ್ ೧೮

ಎರಡನೆಯವರು. ಟೋನ್ನಿಸ್ ಬ್ರಾಕೆಲ್, ನಲವತ್ತೆರಡು ವರ್ಷ, ರೋಸ್ಟಾಕ್ ಹತ್ತಿರದ ಸಣ್ಣ ಊರಿನ ಆರ್ಗನಿಸ್ಟ್. ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತು, ಇಬ್ಬರು ಹೆಣ್ಣುಮಕ್ಕಳು ತಂಗಿಯ ಮನೆಯಲ್ಲಿದ್ದಾರೆ. ದಪ್ಪ ಬೆರಳು. ಮಧ್ಯಾಹ್ನ ನುಡಿಸಿದರು: ಒಂದೂ ತಪ್ಪಿಲ್ಲ, ಒಂದೂ ಏಳುವುದಿಲ್ಲ. ಹಿಟ್ಟು ನಾದಿದ ಹಾಗೆ. ಅಪ್ಪ ಕಣ್ಣು ಮುಚ್ಚಿಕೊಂಡರು.

ಊಟದ ಹೊತ್ತಿಗೆ ಅಪ್ಪನ ಬಾಯಿಗೆ ನಾನು ಚಮಚ ಹಿಡಿಯುವುದನ್ನು ನೋಡುತ್ತಿದ್ದರು. ಬೆಳಿಗ್ಗೆ ಆರಾಧನೆಯಲ್ಲಿ ಕೂತಿದ್ದೆ ಎಂದರು. ಎಲ್ಲಿ ಎಂದು ಕೇಳಿದೆ. ಹಿಂದಿನ ಬೆಂಚು. ಸ್ವಲ್ಪ ಹೊತ್ತು ರೊಟ್ಟಿ ಅಗಿದರು.

"ಚಮಚ ಎತ್ತೋಕಾಗದ ಕೈ ಕೊನೇ ಕೀರ್ತನೆಯ ಆ ಓಟ ಹೇಗೆ ಓಡಿತು ಅಂತ ಯೋಚಿಸ್ತಾ ಇದ್ದೆ."

ಅಪ್ಪನ ಗಲ್ಲ ಒರೆಸಿದೆ.

"ನಾನು ಯಾರಿಗೂ ಹೇಳೋಲ್ಲ" ಎಂದರು ಬ್ರಾಕೆಲ್. "ನನ್ನ ಕೈ ಎಂಥದ್ದು ಅಂತ ನನ್ನ ಕಿವಿಗೆ ಗೊತ್ತು. ಕೆಲಸ ನನಗೆ ಬೇಕು, ಮಕ್ಕಳನ್ನ ಕರೆಸ್ಕೋಬೇಕು. ಹೆಸರು ನಂದಿರಲಿ, ನುಡಿಸೋದು ನೀವು. ಇಬ್ಬರಿಗೂ ನಡೆಯುತ್ತೆ."

ಉಪ್ಪಿನ ಬಟ್ಟಲನ್ನು ಮೇಜಿಗೆ ಕುಕ್ಕಿ ಎದ್ದು ಹೋದೆ. ಯಾಕೆ ಅಷ್ಟು ಸಿಟ್ಟು ಬಂತೋ. ಐದು ತಿಂಗಳಿಂದ ಅದನ್ನೇ ಮಾಡುತ್ತಿದ್ದೇನಲ್ಲ.

ಏಪ್ರಿಲ್ ೨೭

ಬ್ರಾಕೆಲ್ ಹೋಗಿಲ್ಲ. ಬಂದರಿನ ಹತ್ತಿರ ಕೋಣೆ ಹಿಡಿದಿದ್ದಾರೆ. ಜೂನ್ ೧೭ಕ್ಕೆ ಪರೀಕ್ಷೆ. ಒಂದು ಕೀರ್ತನೆ, ಮಂಡಳಿ ಕೊಟ್ಟ ರಾಗದ ಮೇಲೆ ಸ್ವಂತ ಕಲ್ಪನೆ, ಮತ್ತು ನಿವೃತ್ತರಾಗುವವರ ಒಂದು ಕೃತಿ. ಬೇರೆ ಯಾರೂ ಅರ್ಜಿ ಹಾಕಿಲ್ಲ. ಸಮುದ್ರದ ಮಂಜುಗಡ್ಡೆ ಕರಗಿದೆ, ಹಡಗುಗಳು ಬರುತ್ತಿವೆ. ಆರ್ಗನಿಸ್ಟರು ಬರುತ್ತಿಲ್ಲ. ನನ್ನ ಮೂಗಿನ ಸುದ್ದಿ ಹಡಗಿಗಿಂತ ಮುಂದೆ ಹೋಗಿರಬೇಕು.

ಮೇ ೮

ಪರೀಕ್ಷೆಗೆ ಬ್ರಾಕೆಲ್‌ಗೆ ಅಪ್ಪನ ಯಾವ ಕೃತಿ ಕೊಡಬೇಕೆಂದು ಎರಡು ದಿನ ಪೆಟ್ಟಿಗೆ ಕೆದಕಿದೆ. ಕೊನೆಗೆ ಅರ್ಧಕ್ಕೆ ನಿಂತಿದ್ದದ್ದನ್ನೇ ಕೊಟ್ಟೆ. ಈಗ ಅದು ಅರ್ಧವಲ್ಲ, ಹನ್ನೆರಡು ಪುಟ. ಶುರುವಿನ ರಾಗವನ್ನು ಸ್ವಲ್ಪ ತಿರುಗಿಸಿದ್ದರಿಂದ ಅಪ್ಪನ ಆ ಎಂಟು ಸಾಲು ಹಾಗೇ ಉಳಿದಿಲ್ಲ. ಆದರೆ ಮನಸ್ಸು ಅದೇ.

ಕೊಟ್ಟಿದ್ದಕ್ಕೆ ಬೇರೆ ಕಾರಣವಿಲ್ಲ. ಒಂದು ಸಲ ಕೆಳಗೆ ಕೂತು ಅದನ್ನು ಕೇಳಬೇಕು. ಹುಟ್ಟಿದಂದಿನಿಂದ ನಾನು ಮೇಲೆ, ಅಪ್ಪನ ಪಕ್ಕ. ಕೆಳಗೆ ಅದು ಹೇಗೆ ಕೇಳಿಸುತ್ತದೆ ಎಂದು ನನಗೆ ಗೊತ್ತೇ ಇಲ್ಲ.

ಮೇ ೨೦

ಬ್ರಾಕೆಲ್ ದಿನಾ ಮಧ್ಯಾಹ್ನ ಅಭ್ಯಾಸಕ್ಕೆ ಬರುತ್ತಾರೆ. ನಾನು ಪಕ್ಕದಲ್ಲಿ ನಿಲ್ಲುತ್ತೇನೆ. ನಾಲ್ಕನೆಯ ಪುಟದಲ್ಲಿ ಮೂವತ್ತು ಸಲ ನಿಂತರು. ಮೂವತ್ತು ಸಲವೂ ಮತ್ತೆ ಮೊದಲಿಂದ ಶುರು ಮಾಡಿದರು. ನಾನಾಗಿದ್ದರೆ ಹಾಳೆ ಹರಿದು ಎಸೆಯುತ್ತಿದ್ದೆ. ಹಿಂದಿನಿಂದ ಡೆಟ್ಲೆಫ್ ಕೂಗಿದ: "ಯಜಮಾನ್ರೇ, ಈ ಪುಟ ದಾಟಿ ಮುಂದೆ ಊರೇನಾದ್ರೂ ಇದ್ಯಾ, ಇಲ್ಲ ಇಲ್ಲೇ ಸಾಯ್ತೀವಾ?" ಬ್ರಾಕೆಲ್ ನಕ್ಕರು. ನಗುವಾಗ ಅವರ ಭುಜವೆರಡೂ ಅಲುಗುತ್ತವೆ.

"ಇದನ್ನ ಬರೆದೋರಿಗೆ ಕರುಣೆ ಇಲ್ಲ" ಎಂದರು ನನಗೆ.

"ಅಪ್ಪ ಕಟ್ಟುನಿಟ್ಟು" ಎಂದೆ.

ನನ್ನನ್ನೇ ನೋಡಿದರು.

ಜೂನ್ ೧೬

ನಾಳೆ. ಅಪ್ಪನ ಕೋಟಿಗೆ ಗುಂಡಿ ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ.

ಜೂನ್ ೧೭

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಇಲ್ಲದಿದ್ದರೆ ನನಗೇ ನಂಬಿಕೆ ಬರುವುದಿಲ್ಲ.

ಹತ್ತು ಗಂಟೆಗೆ, ಜ್ವರ ಮರುಕಳಿಸಿದೆ ಎಂದು ಹೇಳಿ, ಅಪ್ಪನನ್ನು ಕುರ್ಚಿಯ ಸಮೇತ ಹೊತ್ತು ತಂದು ನಡುದಾರಿಯಲ್ಲಿ ಇಳಿಸಿದರು. ನಾನು ಪಕ್ಕದ ಬೆಂಚಿನಲ್ಲಿ. ಮುಂದೆ ಮಂಡಳಿಯ ಆರು ಜನ, ಪಾದ್ರಿಗಳು. ಬ್ರಾಕೆಲ್ ಮೇಲೆ. ಕೀರ್ತನೆ ಆಯಿತು. ಕೊಟ್ಟ ರಾಗದ ಕಲ್ಪನೆ ಆಯಿತು, ಬುರ್ಮೈಸ್ಟರ್ ಆಕಳಿಸಿದರು. ಆಮೇಲೆ ಅದು.

ನಿಧಾನವಾಗಿ, ತಪ್ಪಿಲ್ಲದೆ ನುಡಿಸಿದರು. ಮೊದಲ ದನಿ ಚಾವಣಿಗೆ ಏರಿ ಅಲ್ಲಿಂದ ಇಳಿದು ನಮ್ಮ ಮೇಲೆ ಬಂತು. ಎರಡನೆಯದು ಅದರ ಹಿಂದೆ, ಮೂರನೆಯದು ಎಡಗಡೆಯ ಗೋಡೆಯಿಂದ ಬಂದ ಹಾಗೆ. ಇದು ಇಷ್ಟು ದೊಡ್ಡದೆಂದು ಮೇಲೆ ಕೂತಾಗ ಗೊತ್ತೇ ಆಗಿರಲಿಲ್ಲ. ಆದರೆ ಕಾಲಿನ ದನಿ, ಆ ದೊಡ್ಡ ಕೊಳವೆಗಳದ್ದು, ಏಳನೆಯ ಪುಟದಲ್ಲಿ ಬರಬೇಕಾದದ್ದು, ಬಂದೇ ಬಂತು, ಆದರೆ ಕೇಳಿಸಲಿಲ್ಲ. ಮೇಲಿನ ದನಿಗಳ ಪ್ರತಿಧ್ವನಿ ಅದನ್ನು ನುಂಗಿಬಿಟ್ಟಿತು. ಎರಡು ಮಾತ್ರೆ ಮೊದಲು ತರಬೇಕಿತ್ತು. ಅಥವಾ ಮೇಲಿನವರು ಒಂದು ಕ್ಷಣ ಸುಮ್ಮನಾಗಬೇಕಿತ್ತು. ಕೊನೆಯವರೆಗೂ ಬೆರಳಿನಲ್ಲಿ ಬೆಂಚಿನ ಮೇಲೆ ಅದನ್ನೇ ತಿದ್ದುತ್ತಾ ಕೂತಿದ್ದೆ.

ಮುಗಿದಾಗ ಬುರ್ಮೈಸ್ಟರ್ ಎದ್ದು ಬಂದು ಅಪ್ಪನ ಮುಂದೆ ನಿಂತರು. ಅವರ ಕಣ್ಣು ಒದ್ದೆಯಾಗಿತ್ತು, ಸುಳ್ಳು ಹೇಳಲಾರೆ.

"ಹಾರ್ಮ್ಸೆನ್, ನಲವತ್ತು ವರ್ಷ ನಿಮ್ಮನ್ನ ಕೇಳಿದೀವಿ. ಇದು ನಿಮ್ಮ ಎಲ್ಲಾದಕ್ಕಿಂತ ಮೇಲು."

ಅಪ್ಪನ ಬಾಯಿ ಅಲುಗಿತು. ಜೊಲ್ಲು ಒರೆಸಲು ಬಾಗಿದೆ. ಎಡಗೈಯಿಂದ ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿದರು.

"ನ... ನಂದಲ್ಲ."

ಏಳು ತಿಂಗಳಲ್ಲಿ ಅವರು ಎರಡು ಮಾತು ಸೇರಿಸಿ ಆಡಿದ್ದು ಅದೇ ಮೊದಲು. ಬೇಡವೆಂದು ಬಿಟ್ಟುಬಿಟ್ಟರು, ಕೆಟ್ಟದಾಗಿದೆ, ತನ್ನ ಹೆಸರು ಅದಕ್ಕೆ ಬೇಡ ಎನ್ನುತ್ತಿದ್ದಾರೆ ಎಂದುಕೊಂಡೆ. ಅಪ್ಪ ಮತ್ತೆ ಉಸಿರು ಕಟ್ಟಿ, ಕುತ್ತಿಗೆಯ ನರ ಉಬ್ಬಿಸಿ, ಆ ಎಡಗೈಯನ್ನೇ ನನ್ನ ಕಡೆ ಎತ್ತಿದರು.

"ಇವಳ್ದು."

ಬುರ್ಮೈಸ್ಟರ್ ನನ್ನ ಕಡೆ ತಿರುಗಿ ಮೆಲ್ಲಗೆ ನಕ್ಕರು. ಪಾಪ, ಮುದುಕರಿಗೆ ಮನಸ್ಸು ಸ್ಥಿಮಿತದಲ್ಲಿಲ್ಲ, ಅಲ್ಲವೇ ಎಂಬ ನಗು. ನಾನೂ ಸ್ವಲ್ಪ ನಕ್ಕಿದ್ದರೆ ಸಾಕಿತ್ತು. ಬ್ರಾಕೆಲ್‌ಗೆ ಕೆಲಸ, ನಮಗೆ ಮನೆ, ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು.

"ಅಪ್ಪನ ಬುದ್ಧಿ ನೆಟ್ಟಗಿದೆ ಯಜಮಾನ್ರೇ" ಎಂದೆ. "ಬರೆದೋಳು ನಾನು. ನವೆಂಬರಿನಿಂದ ನುಡಿಸ್ತಿರೋಳೂ ನಾನೇ."

ನನ್ನ ದನಿಯೂ ಚಾವಣಿಗೆ ಹೋಗಿ ಬಂತು.

ಜೂನ್ ೧೯

ಏನೂ ಸುದ್ದಿಯಿಲ್ಲ. ಹಾಳೆಯ ಮೇಲೆ ಕಾಲಿನ ದನಿಯನ್ನು ಎರಡು ಮಾತ್ರೆ ಮೊದಲು ತಂದು ನೋಡಿದೆ. ಆರನೆಯ ಪುಟ ಕೆಡುತ್ತದೆ.

ಜೂನ್ ೨೨

ಬೀದಿಯಲ್ಲಿ ಹೆಂಗಸರು ನಾನು ಬಂದರೆ ಮಾತು ನಿಲ್ಲಿಸುತ್ತಾರೆ. ಮಂಡಳಿಗೆ ಮೋಸ ಮಾಡಿದವರನ್ನು ಊರಾಚೆ ಕಳಿಸಬೇಕು ಎಂದು ಒಬ್ಬರು ಹೇಳಿದರಂತೆ. ದೇವರ ಮುಂದೆ ಹೆಂಗಸಿನ ಕಾಲು ಹಾಗೆ ಆಡುವುದೇ ಅಸಹ್ಯ ಎಂದು ಇನ್ನೊಬ್ಬರು. ಡೆಟ್ಲೆಫ್‌ನನ್ನು ಕರೆಸಿ ವಿಚಾರಣೆ ಮಾಡಿದ್ದಾರೆ. ನನ್ನ ಕೆಲಸ ಗಾಳಿ ತುಂಬೋದು, ಆ ಗಾಳಿ ಯಾರ ಬೆರಳಿಂದ ಆಚೆ ಹೋಯ್ತು ಅಂತ ನೋಡೋಕೆ ನನಗೆ ಹಿಂದೆ ಕಣ್ಣಿಲ್ಲ ಎಂದನಂತೆ.

ಅಪ್ಪ ಶಾಂತವಾಗಿದ್ದಾರೆ. ಮತ್ತೇನೂ ಮಾತಾಡಿಲ್ಲ. ಅವರ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ಹೋಗಿ ಅವರ ಕೈ ಹಿಡಿದು ಕೂರುತ್ತೇನೆ. ಐದು ನಿಮಿಷ. ಮತ್ತೆ ಎದ್ದು ಓಡಾಟ.

ಜುಲೈ ೫

ತೀರ್ಪು ಬಂತು. ಬ್ರಾಕೆಲ್‌ಗೆ ಕೆಲಸ. ಅಪ್ಪನ ವಯಸ್ಸು ನೋಡಿ ಶಿಕ್ಷೆಯಿಲ್ಲ. ವೀಬ್ಕೆ ಹಾರ್ಮ್ಸೆನ್ ಎಂಬ ಹೆಣ್ಣು, ಆರಾಧನೆಯ ಹೊತ್ತಿನಲ್ಲಿ ಆರ್ಗನ್ನಿನ ಮುಂದೆ ಕೂರತಕ್ಕದ್ದಲ್ಲ. ಕೊನೆಗೂ ಬರೆದಿಡಬೇಕಾಯಿತು.

ಮದುವೆಯ ಕರಾರು ಹಾಗೇ ಇದೆ.

ಜುಲೈ ೬

ಬ್ರಾಕೆಲ್ ಬಂದರು. ಟೊಪ್ಪಿ ತೆಗೆದು ಬಾಗಿಲಲ್ಲೇ ನಿಂತರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಅವತ್ತು ಊಟದ ಹೊತ್ತಲ್ಲಿ ನಾನು ಹೇಳಿದ ಮಾತು ಕೆಟ್ಟದ್ದು. ಬೇರೆಯವರ ಕೈಯನ್ನ ನನ್ನ ಹೆಸರಿನ ಕೆಳಗೆ ಬಚ್ಚಿಡೋಕೆ ಹೊರಟಿದ್ದೆ. ಆ ಹನ್ನೆರಡು ಪುಟ ಆರು ವಾರ ತುಳಿದ ಮೇಲೆ ಅದು ತಿಳೀತು."

ನಾನು ಕೈಯ ಹಿಟ್ಟು ಒರೆಸಿಕೊಂಡೆ.

"ಕರಾರು ಮಂಡಳೀದು. ನಾನು ಕೇಳ್ತಿರೋದು ಬೇರೆ. ನೀವು ಆಗಲ್ಲ ಅಂದ್ರೂ ಈ ಮನೇಲಿ ನೀವೂ ನಿಮ್ಮ ತಂದೇನೂ ಇರ್ತೀರ. ಅದನ್ನ ಮಂಡಳೀಲಿ ಬರೆದು ಕೊಟ್ಟು ಬಂದಿದೀನಿ, ಅವರು ಒಪ್ಪಿದ್ರು. ಈಗ ಹೇಳಿ. ಇವತ್ತೇ ಹೇಳಬೇಕು ಅಂತಿಲ್ಲ."

ಏಳನೆಯ ಪುಟದಲ್ಲಿ ಕಾಲಿನ ದನಿ ಕೆಳಗೆ ಕೇಳಿಸುವುದೇ ಇಲ್ಲ, ಈಗಲೇ ಹೋಗಿ ನುಡಿಸಿ ನೋಡೋಣವೇ ಎಂದು ಕೇಳಿದೆ. ಬಾಯಿಗೆ ಬಂದದ್ದು ಅದು. ಇಂದು ಮಂಗಳವಾರ, ಆರಾಧನೆಯಿಲ್ಲ. ಅವರ ಭುಜ ಅಲುಗಿತು. ಇಬ್ಬರೂ ಹೋದೆವು. ಅವರು ನುಡಿಸಿದರು, ನಾನು ಕೆಳಗೆ ಕಂಬದಿಂದ ಕಂಬಕ್ಕೆ ಓಡಾಡುತ್ತಾ ಕೇಳಿದೆ. ಆಮೇಲೆ ನಾನು ನುಡಿಸಿದೆ, ಅವರು ಕೆಳಗೆ ನಿಂತರು. ಅವರ ಕಿವಿ ಅವರ ಕೈಯಂಥದ್ದಲ್ಲ. ಪೂರ್ವದ ಕಿಟಕಿಯ ಕೆಳಗೆ ಮಾತ್ರ ಕೇಳಿಸುತ್ತದೆ ಎಂದು ಪತ್ತೆ ಮಾಡಿದವರು ಅವರು.

ಜುಲೈ ೩೦

ಮೇಲಿನ ದನಿಗಳನ್ನು ಒಂದು ಉಸಿರಿನಷ್ಟು ನಿಲ್ಲಿಸಿ ನೋಡಿದೆ. ಹತ್ತಿರ ಬಂತು. ಇನ್ನೂ ಪೂರ್ತಿಯಿಲ್ಲ.

ಆಗಸ್ಟ್ ೧೨

ಬ್ರಾಕೆಲ್ ಹೇಳಿದ್ದು ನಿಜ, ಆರನೆಯ ಪುಟದ ಕೊನೆಯಲ್ಲಿ ಎಡಗೈಯನ್ನು ಮೇಲಕ್ಕೆ ಎತ್ತಿದರೆ ಕೆಳಗೆ ಜಾಗ ಖಾಲಿಯಾಗುತ್ತದೆ. ಕಾಲು ಅಲ್ಲಿಗೆ ಬರಬಹುದು. ಎರಡು ಪುಟ ಹೊಸದಾಗಿ ಬರೆಯಬೇಕು. ಬ್ರಾಕೆಲ್‌ಗೆ ಹ್ಞೂಂ ಎಂದಿದ್ದೆ; ಮಂಗಳವಾರ ಮದುವೆಯಾಯಿತು, ಅಪ್ಪನನ್ನು ಕುರ್ಚಿಯಲ್ಲೇ ಕರೆದೊಯ್ದಿದ್ದೆವು. ಮಕ್ಕಳು ಬಂದಿದ್ದಾರೆ. ದೊಡ್ಡವಳಿಗೆ ಒಂಬತ್ತು, ಶಾಯಿಯ ಬಾಟಲಿ ಬೀಳಿಸಿದಳು. ಹಳೆಯ ಎರಡು ಪುಟಗಳ ಮೇಲೆ ಬಿತ್ತು, ಪುಣ್ಯ.

ಸೆಪ್ಟೆಂಬರ್ ೧೧

ಅಪ್ಪ ಬೆಳಿಗ್ಗೆ ಏಳು ಗಂಟೆಗೆ ಹೋದರು. ಗಂಜಿ ತರುತ್ತೇನೆ ಎಂದು ಹೇಳಿ ಒಲೆಯ ಹತ್ತಿರ ಹೋದೆ, ತರುವಷ್ಟರಲ್ಲಿ ಉಸಿರಿರಲಿಲ್ಲ.

ಸೆಪ್ಟೆಂಬರ್ ೧೪

ಮಣ್ಣಾಯಿತು.

ಚರ್ಚು ತುಂಬಿತ್ತು. ನಲವತ್ತು ವರ್ಷದಲ್ಲಿ ಅವರ ಸಂಗೀತಕ್ಕೆ ಮದುವೆಯಾಗದವರು, ಮಣ್ಣಾಗದವರು ಯಾರ ಮನೆಯಲ್ಲಿದ್ದಾರೆ? ಮುಂದಿನ ಬೆಂಚಿನಲ್ಲಿ ನಾನು, ಇಬ್ಬರು ಹುಡುಗಿಯರು. ಎದುರಿಗೆ ಪೆಟ್ಟಿಗೆ. ಆಚೆ ಬದಿ ಮಂಡಳಿ, ಬುರ್ಮೈಸ್ಟರ್ ಮೊದಲ ಜಾಗದಲ್ಲಿ. ಬ್ರಾಕೆಲ್ ಮೇಲೆ.

ಮೊದಲ ಕೀರ್ತನೆ ಆಯಿತು. ಪಾದ್ರಿಗಳು ಮಾತಾಡಿದರು. ಎರಡನೆಯ ಕೀರ್ತನೆಯ ಸಂಖ್ಯೆ ಹೇಳಿದರು. ಜನ ಎದ್ದು ನಿಂತರು, ಪುಸ್ತಕ ತೆರೆದರು. ಆರ್ಗನ್ ಬರಲಿಲ್ಲ.

ಬದಲಿಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಬ್ರಾಕೆಲ್ ಇಳಿದು ಬರುತ್ತಿದ್ದರು. ಅವಸರವಿಲ್ಲ. ನಡುದಾರಿಯಲ್ಲಿ ಎಲ್ಲರೂ ನೋಡುವಂತೆ ನಡೆದುಬಂದು ನನ್ನ ಬೆಂಚಿನ ತುದಿಯಲ್ಲಿ ನಿಂತರು. ಚಿಕ್ಕವಳ ಕೈ ನನ್ನ ಕೈಯಿಂದ ಬಿಡಿಸಿ ತಾವು ಹಿಡಿದುಕೊಂಡರು.

"ತಿದಿ ತುಂಬಿದೆ" ಎಂದರು. "ಡೆಟ್ಲೆಫ್ ತುಳೀತಾ ಇದಾನೆ. ನನಗೆ ಮಾವನ ಹತ್ತಿರ ನಿಲ್ಲಬೇಕು ಅನ್ನಿಸಿತು."

ಎದ್ದೆ. ಮೂವತ್ತೊಂಬತ್ತು ಮೆಟ್ಟಿಲು ಎಷ್ಟು ಹೊತ್ತು ಹತ್ತಿದೆನೋ ಗೊತ್ತಿಲ್ಲ. ಕೆಳಗೆ ಯಾರೋ ಕೆಮ್ಮಿದ್ದು ಕೇಳಿಸಿತು, ಅಷ್ಟೆ. ಬೆಂಚು ಇನ್ನೂ ಬೆಚ್ಚಗಿತ್ತು. ಡೆಟ್ಲೆಫ್ ಹಿಂದಿನಿಂದ ಇಣುಕಿ ತಲೆಯಾಡಿಸಿದ. ಅವನ ಮುಖ ಪೂರ್ತಿ ಒದ್ದೆ.

ನನ್ನದೇನೂ ನುಡಿಸಲಿಲ್ಲ. ಕೀರ್ತನೆ, ಇದ್ದದ್ದು ಇದ್ದ ಹಾಗೆ, ನಾಲ್ಕು ದನಿ. ಮೊದಲ ಚರಣಕ್ಕೆ ಅರ್ಧ ಜನವೂ ಹಾಡಲಿಲ್ಲ. ಎರಡನೆಯದಕ್ಕೆ ಹೆಂಗಸರು ಸೇರಿಕೊಂಡರು. ಮೂರನೆಯದರಲ್ಲಿ ಬಂದರಿನ ಗಂಡಸರು ಎಂದಿನಂತೆ ಹಿಂದೆ ಬಿದ್ದರು, ಅವರು ಬರುವವರೆಗೂ ಸ್ವರ ಹಿಡಿದು ಕಾದೆ. ಬಂದರು. ಆರು ಚರಣ. ಆಮೇಲೆ ಪೆಟ್ಟಿಗೆ ಎತ್ತುವವರೆಗೂ, ಬಾಗಿಲು ದಾಟುವವರೆಗೂ, ಕೊನೆಯವರು ಹೊರಗೆ ಹೋಗುವವರೆಗೂ ನುಡಿಸಿದೆ. ಯಾರೂ ಬಂದು ನಿಲ್ಲಿಸಲಿಲ್ಲ.

ಹೊರಗೆ ಬಿಸಿಲಿತ್ತು. ಅಪ್ಪನ ಪಕ್ಕ ಅಮ್ಮನ ಕಲ್ಲು.

ಸೆಪ್ಟೆಂಬರ್ ೧೮

ನಾಲ್ಕು ದಿನದಿಂದ ಮಂಡಳಿಯ ಕಾಗದ ಬರುತ್ತದೆಂದು ಕಾಯುತ್ತಿದ್ದೆ. ಬಾಗಿಲು ತಟ್ಟಿದ ಸದ್ದಿಗೆಲ್ಲ ಕೈಯಲ್ಲಿದ್ದದ್ದು ಬೀಳುತ್ತಿತ್ತು. ಇವತ್ತು ಬುರ್ಮೈಸ್ಟರ್ ತಾವೇ ಬಂದರು.

ಕೂತು ಟೊಪ್ಪಿ ಮಂಡಿಯ ಮೇಲೆ ಇಟ್ಟುಕೊಂಡರು. ಅಪ್ಪನ ಖಾಲಿ ಮಂಚ ನೋಡಿದರು. ಗಾಳಿ, ಮೀನು, ಸ್ವೀಡನ್ನಿನ ಯುದ್ಧದ ಸುದ್ದಿ, ಎಲ್ಲ ಆಯಿತು. ಬ್ರಾಕೆಲ್ ಬಿಯರ್ ತಂದಿಟ್ಟರು. ಆ ದಿನದ ವಿಷಯ ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಹೊರಡುವಾಗ ಟೊಪ್ಪಿಯನ್ನು ಎರಡು ಸುತ್ತು ತಿರುಗಿಸಿದರು.

"ಮಿಖಾಯೇಲನ ಹಬ್ಬಕ್ಕೆ ಆ ಇದನ್ನ ಮತ್ತೆ ಕೇಳಬೇಕು ಅಂತ ನನ್ನ ಹೆಂಡ್ತಿ ಹಟ ಹಿಡಿದಿದಾಳೆ. ಹಾರ್ಮ್ಸೆನ್ ತನ್ನದಲ್ಲ ಅಂದ್ರಲ್ಲ, ಅದು."

"ಆರಾಧನೆ ಹೊತ್ತಲ್ಲೇ?" ಎಂದು ಕೇಳಿದರು ಬ್ರಾಕೆಲ್.

"ಮತ್ತೆ ಹಬ್ಬ ಇನ್ಯಾವ ಹೊತ್ತಲ್ಲಿ?"

ಯಾರು ನುಡಿಸುವುದು ಎಂದು ನಾನು ಕೇಳಿದೆ. ಬುರ್ಮೈಸ್ಟರ್ ಕಿಟಕಿಯ ಕಡೆ ನೋಡಿದರು.

"ಕೆಳಗೆ ಕೂತೋರಿಗೆ ಕೊಳವೆ ಬಿಟ್ಟು ಬೇರೇನೂ ಕಾಣಲ್ಲಮ್ಮ. ಅದು ನಿಮ್ಮನೆ ವಿಷಯ."

"ಹಾಗಾದ್ರೆ ಚೀಟೀಲಿ ನನ್ನ ಹೆಸರು ಬರೀರಿ" ಎಂದೆ. "ಬಾಗಿಲಿಗೆ ಅಂಟಿಸೋ ಚೀಟೀಲಿ. ಬರೆದೋರು ಯಾರು, ನುಡಿಸೋರು ಯಾರು, ಎರಡೂ."

ಬುರ್ಮೈಸ್ಟರ್ ಟೊಪ್ಪಿ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು. ಮಂಡಳಿಯಲ್ಲಿ ಕೇಳುತ್ತೇನೆ ಎಂದರು. ಮೆಟ್ಟಿಲ ಹತ್ತಿರ ತಿರುಗಿ, ಹೆಸರಿನಲ್ಲಿ ಹಾರ್ಮ್ಸೆನ್ ಬರೆಯಬೇಕೋ ಬ್ರಾಕೆಲ್ ಬರೆಯಬೇಕೋ ಎಂದು ಕೇಳಿದರು.

ಮನಸ್ಸಿನಲ್ಲಿ ಆಗಲೇ ಒಪ್ಪಿರದೆ ಯಾರೂ ಆ ಪ್ರಶ್ನೆ ಕೇಳುವುದಿಲ್ಲ. ಹನ್ನೊಂದು ದಿನವಿದೆ. ಏಳನೆಯ ಪುಟ ಇನ್ನೂ ಸರಿಯಾಗಿಲ್ಲ. ನಾಳೆ ಆರಾಧನೆ ಮುಗಿದ ಕೂಡಲೇ ಡೆಟ್ಲೆಫ್ ಅಲ್ಲೇ ಇರಬೇಕೆಂದು ಹೇಳಿ ಕಳಿಸಿದ್ದೇನೆ.